ಕಲಿಯುವ ವೈದ್ಯರ ನಿದ್ದೆಗೆ ಯಾರು ಹೊಣೆ?

ಕುಡಿದು ವಾಹನ ಓಡಿಸುವವರಿಗೆ ನಮ್ಮ ಕಾನೂನು ಸ್ಪಷ್ಟವಾದ ಗೆರೆ ಎಳೆದಿದೆ. 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ದಾಟಿದರೆ ಕೇಸು ಬೀಳುತ್ತದೆ. ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಟ್ಟು ನೋಡಿ. ಆಸ್ಟ್ರೇಲಿಯಾದ ಸಂಶೋಧಕರಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹಿಡಿತ, ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರ ಇರುವವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆ ನಿದ್ದೆಗೆಟ್ಟವರದು 100 ಮಿಲಿಗ್ರಾಂನ ಮಟ್ಟ ಮುಟ್ಟಿತ್ತು. ಅಂದರೆ ನಿನ್ನೆ ಬೆಳಿಗ್ಗೆ ಎದ್ದು, ರಾತ್ರಿಯಿಡೀ ಕ್ಯಾಶುಯಾಲ್ಟಿಯಲ್ಲಿ ನಿಂತು, ಈಗ ನಿಮ್ಮ ತಂದೆಯ ಮುಂಗೈಯಲ್ಲಿ ಡ್ರಿಪ್ ಹಾಕಲು ನರ ಹುಡುಕುತ್ತಿರುವ ಪಿಜಿ ವೈದ್ಯೆಯ ಸ್ಥಿತಿ, ಪೊಲೀಸರು ರಸ್ತೆಯಲ್ಲಿ ತಡೆದು ಕೀಲಿ ತೆಗೆದುಕೊಳ್ಳುವ ಚಾಲಕನ ಮಿತಿಗಿಂತ ಮೂರು ಪಟ್ಟು ಕೆಟ್ಟದ್ದು.

ನಮ್ಮ ದೊಡ್ಡಾಸ್ಪತ್ರೆಗಳು ನಡೆಯುವುದೇ ಇಂಥ ಕೈಗಳ ಮೇಲೆ. ಎಂಬಿಬಿಎಸ್ ಮುಗಿಸಿ ಒಂದು ವರ್ಷ ದುಡಿಯುವ ಹೌಸ್ ಸರ್ಜನ್‌ಗಳು, ಎಂಡಿ-ಎಂಎಸ್ ಓದುತ್ತ ಮೂರು ವರ್ಷ ವಾರ್ಡಿನಲ್ಲೇ ಬದುಕುವ ಪಿಜಿಗಳು ಇಲ್ಲದಿದ್ದರೆ ಯಾವ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಒಂದು ರಾತ್ರಿ ಕಳೆಯಲಾರದು. ದೇಶದಲ್ಲಿ ಎಂಬಿಬಿಎಸ್ ಸೀಟುಗಳು ಹೆಚ್ಚಿರುವ ರಾಜ್ಯಗಳ ಮುಂಚೂಣಿಯಲ್ಲಿ ಕರ್ನಾಟಕವಿದೆ. ಹಾಗಾಗಿ ಇದು ನಮ್ಮ ಮನೆಮನೆಯ ವಿಷಯವೂ ಹೌದು. ಸೀಟು ಸಿಕ್ಕಿದ ದಿನ ಓಣಿಗೆಲ್ಲ ಸಿಹಿ ಹಂಚಿದ ಮನೆಗಳು ಎಷ್ಟಿಲ್ಲ! ಆ ಮಕ್ಕಳು ಮುಂದೆ ಯಾವ ಯಂತ್ರದೊಳಗೆ ಹೋಗುತ್ತಾರೆ ಎಂಬುದು ಬಹುತೇಕ ತಂದೆತಾಯಿಗೆ ಗೊತ್ತಿಲ್ಲ.

ಆ ಯಂತ್ರ ಹೇಗೆ ನಡೆಯುತ್ತದೆ ಎಂದು ನೋಡೋಣ. ಮೆಡಿಸಿನ್, ಸರ್ಜರಿಯಂಥ ದೊಡ್ಡ ವಿಭಾಗಗಳಲ್ಲಿ ಹಲವು ಯೂನಿಟ್‌ಗಳಿರುತ್ತವೆ. ಒಂದೊಂದು ಯೂನಿಟ್‌ಗೆ ವಾರದಲ್ಲಿ ಒಂದು ಓಪಿಡಿ ದಿನ. ಆ ದಿನ ಹೊರರೋಗಿಗಳನ್ನು ನೋಡುವುದೂ ಅವರೇ, ರಾತ್ರಿಯಿಡೀ ತುರ್ತು ವಿಭಾಗಕ್ಕೆ ಬರುವವರನ್ನು ಸೇರಿಸಿಕೊಳ್ಳುವುದೂ ಅವರೇ. ಬೆಳಿಗ್ಗೆ ಎಂಟಕ್ಕೆ ಶುರುವಾದ ಡ್ಯೂಟಿ ಮರುದಿನ ಬೆಳಿಗ್ಗೆ ಎಂಟಕ್ಕೆ ಮುಗಿಯಬೇಕು. ಮುಗಿಯುವುದಿಲ್ಲ. ಏಕೆಂದರೆ ರಾತ್ರಿ ಸೇರಿಸಿಕೊಂಡ ರೋಗಿಗಳೆಲ್ಲ ಅದೇ ಯೂನಿಟ್‌ನವರು. ಒಂಬತ್ತಕ್ಕೆ ಪ್ರೊಫೆಸರರ ರೌಂಡ್ಸ್. ಪ್ರತಿ ಹಾಸಿಗೆಯ ಬಳಿ ನಿಂತು ಹಿಸ್ಟರಿ ಹೇಳಬೇಕು, ರಿಪೋರ್ಟು ತೋರಿಸಬೇಕು, ಕೇಳಿದ ಪ್ರಶ್ನೆಗೆ ಉತ್ತರಿಸಬೇಕು. ರೌಂಡ್ಸ್ ಮುಗಿದ ಮೇಲೆ ಅಲ್ಲಿ ಹೇಳಿದ ಕೆಲಸಗಳೆಲ್ಲ ಬಾಕಿ: ಸ್ಕ್ಯಾನಿಗೆ ತಾರೀಖು, ಬೇರೆ ವಿಭಾಗದ ಅಭಿಪ್ರಾಯ, ಡಿಸ್ಚಾರ್ಜ್ ಸಾರಾಂಶ. ರಾತ್ರಿ ಎಂಟಾಗುತ್ತದೆ. ಹೀಗೆ 24 ಗಂಟೆ 36 ಆಗುತ್ತದೆ. ಪಿಜಿಗಳ ಮಾತಿನಲ್ಲಿ ಇದಕ್ಕೆ 'ಪೋಸ್ಟ್ ಡ್ಯೂಟಿ' ಎಂದು ಹೆಸರು. ಪಟ್ಟಿಯಲ್ಲಿ ಈ ಹನ್ನೆರಡು ಗಂಟೆ ಎಲ್ಲೂ ಬರೆದಿರುವುದಿಲ್ಲ.

ಈ 36 ಗಂಟೆಯಲ್ಲಿ ವೈದ್ಯರೇ ಮಾಡಬೇಕಾದ ಕೆಲಸ ಎಷ್ಟು? ಈ ಪ್ರಶ್ನೆಯನ್ನು ಸಾಕಷ್ಟು ಜನ ಕೇಳುತ್ತಿಲ್ಲ. ಮೊದಲ ವರ್ಷದ ಪಿಜಿಯ ಏಪ್ರನ್ ಜೇಬು ನೋಡಿ. ನೇರಳೆ ಮುಚ್ಚಳದ ಟ್ಯೂಬುಗಳು, ಕೆಂಪು ಮುಚ್ಚಳದವು, ಹೆಸರು ಬರೆದು ಅಂಟಿಸಲು ಪ್ಲಾಸ್ಟರ್ ಚೂರು. ರಕ್ತ ತೆಗೆಯುವುದು ಅವರೇ, ಚೀಟಿ ತುಂಬುವುದು ಅವರೇ, ವಾರ್ಡ್‌ ಬಾಯ್ ಸಿಗದಿದ್ದರೆ ಲ್ಯಾಬಿಗೆ ಓಡುವುದೂ ಅವರೇ. ಅಪಧಮನಿಯಿಂದ ತೆಗೆದ ಎಬಿಜಿ ಸ್ಯಾಂಪಲ್ ಆದರೆ ಸಿರಿಂಜನ್ನು ಐಸಿನಲ್ಲಿಟ್ಟುಕೊಂಡು ಬೇಗ ಮುಟ್ಟಿಸಬೇಕು. ರಕ್ತನಿಧಿಗೆ ಒಂದು ಸುತ್ತು. ಲಿಫ್ಟ್ ಬರದಿದ್ದರೆ ಮೆಟ್ಟಿಲು. ಟ್ರಾಲಿ ತಳ್ಳುವವರಿಲ್ಲದಿದ್ದರೆ ಅದನ್ನೂ ತಳ್ಳಬೇಕು. ಇವೆಲ್ಲದರ ನಡುವೆ ಆರೋಗ್ಯ ಕರ್ನಾಟಕ ಯೋಜನೆಯ ಅನುಮತಿಗೆ ಕಾಗದಪತ್ರ ಹೊಂದಿಸಬೇಕು, ರೋಗಿಯ ಕಡೆಯವರಿಗೆ ರೇಷನ್ ಕಾರ್ಡಿನ ಜೆರಾಕ್ಸ್ ತರಲು ಹೇಳಬೇಕು. ಇದೇ ಹೊತ್ತಿನಲ್ಲಿ ಹಾವು ಕಚ್ಚಿದ ಹುಡುಗನೊಬ್ಬನ ಉಸಿರಾಟ ಸೋಲುತ್ತಿರಬಹುದು. ಅವನನ್ನು ನೋಡಬೇಕಾದವರು ಕೌಂಟರಿನ ಸಾಲಿನಲ್ಲಿ ನಿಂತಿರುತ್ತಾರೆ.

'ಬರ್ನ್‌ಔಟ್' ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಅದರ ಬಗ್ಗೆ ಬರೆದರು. 1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್ ಅದನ್ನು ಅಳೆಯುವ ಪ್ರಶ್ನಾವಳಿ ತಯಾರಿಸಿದರು. ಅದರಲ್ಲಿ ಮೂರು ಲಕ್ಷಣಗಳಿವೆ. ಮನಸ್ಸು ಬರಿದಾಗುವುದು, ತನ್ನ ಕೆಲಸದಿಂದ ಏನೂ ಆಗುತ್ತಿಲ್ಲ ಎನಿಸುವುದು, ಮತ್ತು ಎದುರಿಗಿರುವವರು ಮನುಷ್ಯರಾಗಿ ಕಾಣದಿರುವುದು. ಈ ಮೂರನೆಯದು ವೈದ್ಯರಲ್ಲಿ ಭಯಂಕರ. ಇಷ್ಟು ವರ್ಷ ಓದಿದ್ದು ಜನರ ನೋವು ಕಳೆಯಲೆಂದು. ಈಗ ಮಧ್ಯರಾತ್ರಿ ಮೂರಕ್ಕೆ ಬಾಗಿಲಲ್ಲಿ ಸ್ಟ್ರೆಚರ್ ಸದ್ದಾದರೆ ಹೊಟ್ಟೆಯಲ್ಲಿ ಸಿಟ್ಟು ಏಳುತ್ತದೆ. ಹಾಗೆ ಸಿಟ್ಟು ಬಂತಲ್ಲ ಎಂದು ಆಮೇಲೆ ನಾಚಿಕೆ. 'ಹದಿನಾಲ್ಕನೇ ಬೆಡ್ ಹೋಯ್ತು' ಎಂದು ಕೇಸ್ ಶೀಟಿನಲ್ಲಿ ಸಮಯ ಬರೆದು ಮುಂದಕ್ಕೆ ನಡೆಯುವಾಗ ಏನೂ ಅನ್ನಿಸದಿರುವುದು ಗಟ್ಟಿತನ ಎಂದು ಹೊರಗಿನವರು ತಿಳಿಯುತ್ತಾರೆ. ಬರ್ನ್‌ಔಟ್ ಕಾಯಿಲೆಯಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದ ಫಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸ್ಪಷ್ಟಪಡಿಸಿದೆ. ಆ ಮಾತಿನ ಭಾರವನ್ನು ಗಮನಿಸಬೇಕು. ಕೆಲಸದ ಜಾಗದಲ್ಲಿ ಹುಟ್ಟಿದ್ದನ್ನು ಕೆಲಸದ ಜಾಗದಲ್ಲೇ ಸರಿಪಡಿಸಬೇಕು.

ಈ ದುಡಿತದ ಮಾದರಿ ಬಂದದ್ದಾದರೂ ಎಲ್ಲಿಂದ? ಅಮೆರಿಕದ ಬಾಲ್ಟಿಮೋರ್‌ನಲ್ಲಿ 1889ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ ತೆರೆಯಿತು. ಅಲ್ಲಿನ ಶಸ್ತ್ರಚಿಕಿತ್ಸಾ ವಿಭಾಗವನ್ನು ಕಟ್ಟಿದ ವಿಲಿಯಂ ಹಾಲ್‌ಸ್ಟೆಡ್, ಕಲಿಯುವ ವೈದ್ಯರು ಆಸ್ಪತ್ರೆಯಲ್ಲೇ ವಾಸಿಸಬೇಕು, ಹಗಲಿರುಳು ಲಭ್ಯರಿರಬೇಕು ಎಂಬ ಪದ್ಧತಿ ತಂದರು. 'ರೆಸಿಡೆಂಟ್' ಎಂಬ ಹೆಸರಿನ ಮೂಲವೇ ಆ ವಾಸ. ಹಾಲ್‌ಸ್ಟೆಡ್ ಅಪ್ರತಿಮ ಸರ್ಜನ್, ಅದರಲ್ಲಿ ಎರಡು ಮಾತಿಲ್ಲ. ಆದರೆ 1884ರಲ್ಲಿ ಕೊಕೇನನ್ನು ಅರಿವಳಿಕೆಯಾಗಿ ಬಳಸುವ ಪ್ರಯೋಗವನ್ನು ತಮ್ಮ ಮೇಲೆಯೇ ಮಾಡಿಕೊಂಡು ಅವರು ವ್ಯಸನಿಯಾದರು. ಅದನ್ನು ಬಿಡಿಸಲು ಹೋಗಿ ಮಾರ್ಫಿನ್ ಅಂಟಿಕೊಂಡಿತು. ಆ ಗುಟ್ಟನ್ನು ಸಹೋದ್ಯೋಗಿ ವಿಲಿಯಂ ಆಸ್ಲರ್ ಬರೆದಿಟ್ಟಿದ್ದು ಹೊರಬಂದದ್ದು 1969ರಲ್ಲಿ. ಅವರ ವ್ಯಸನದಿಂದಲೇ ಈ ಪದ್ಧತಿ ಹುಟ್ಟಿತು ಎನ್ನಲು ಆಧಾರ ಸಾಲದು. ಆದರೂ ದಣಿವನ್ನು ಲೆಕ್ಕಕ್ಕೆ ಹಿಡಿಯದ ಪದ್ಧತಿಯ ಜನಕ ಸ್ವತಃ ಎಂಥ ಯಾತನೆಯಲ್ಲಿದ್ದರು ಎಂಬುದನ್ನು ಮರೆಯುವುದು ಕಷ್ಟ. ಅವರ ಕಾಲದ ರೆಸಿಡೆಂಟರು ಬೆರಳೆಣಿಕೆಯವರು. ವೆಂಟಿಲೇಟರ್ ಇರಲಿಲ್ಲ, ಡಯಾಲಿಸಿಸ್ ಇರಲಿಲ್ಲ, ರಾತ್ರಿ ಕೊಡಬಹುದಾದ ಔಷಧಿಗಳೂ ಕೆಲವೇ. 'ನಮ್ಮ ಕಾಲದಲ್ಲಿ ನಾವೂ ಮಾಡಿದ್ದೇವೆ' ಎನ್ನುವ ಹಿರಿಯ ವೈದ್ಯರೂ ಇದನ್ನು ಯೋಚಿಸಬೇಕು. ಅವರು ಕಷ್ಟಪಟ್ಟದ್ದು ನಿಜ. ಇಂದಿನ ಒಂದು ರಾತ್ರಿಯಲ್ಲಿ ತೆಗೆದುಕೊಳ್ಳಬೇಕಾದ ತೀರ್ಮಾನಗಳ ಸಂಖ್ಯೆ ಮಾತ್ರ ಬೇರೆಯೇ.

ಈ ಪದ್ಧತಿಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಒಬ್ಬ ಹುಡುಗಿಯ ಸಾವಿನಿಂದ. 1984ರ ಮಾರ್ಚಿನ ಒಂದು ರಾತ್ರಿ 18 ವರ್ಷದ ಲಿಬ್ಬಿ ಝಯಾನ್ ಜ್ವರದಿಂದ ನ್ಯೂಯಾರ್ಕಿನ ಆಸ್ಪತ್ರೆಯೊಂದಕ್ಕೆ ದಾಖಲಾದಳು. ಖಿನ್ನತೆಗೆ ಅವಳು ಸೇವಿಸುತ್ತಿದ್ದ ಮಾತ್ರೆಯ ಜೊತೆ ಕೊಡಬಾರದ ಪೆಥಿಡಿನ್ ಇಂಜೆಕ್ಷನ್ ಕೊಡಲಾಯಿತು. ಅವಳನ್ನು ನೋಡಿಕೊಳ್ಳುತ್ತಿದ್ದ ಕಿರಿಯ ವೈದ್ಯೆಯ ಮೇಲೆ ಅದೇ ರಾತ್ರಿ ಇನ್ನೂ ಹತ್ತಾರು ರೋಗಿಗಳ ಹೊಣೆಯಿತ್ತು. ಬೆಳಗಾಗುವಷ್ಟರಲ್ಲಿ ಹುಡುಗಿ ತೀರಿಕೊಂಡಳು. ತಂದೆ ಸಿಡ್ನಿ ಝಯಾನ್ ಪತ್ರಕರ್ತರು. ಅವರು ಬಿಡಲಿಲ್ಲ. ವಿಚಾರಣೆ ನಡೆಸಿದ ಗ್ರ್ಯಾಂಡ್ ಜ್ಯೂರಿ ದೂಷಿಸಿದ್ದು ವೈದ್ಯರನ್ನು ತರಬೇತುಗೊಳಿಸುವ ವ್ಯವಸ್ಥೆಯನ್ನು. ಡಾ. ಬರ್ಟ್ರಂಡ್ ಬೆಲ್ ನೇತೃತ್ವದ ಸಮಿತಿಯ ಶಿಫಾರಸಿನಂತೆ 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ತಂದಿತು. 2003ರಲ್ಲಿ ಅದು ಅಮೆರಿಕದ ಉದ್ದಗಲಕ್ಕೂ ಬಂತು. ಯುರೋಪಿನ ಮಿತಿ ವಾರಕ್ಕೆ 48 ಗಂಟೆ.

ಮಿತಿಯಿಂದ ರೋಗಿಗೆ ಏನು ಲಾಭವಾಯಿತು? 2004ರಲ್ಲಿ ಹಾರ್ವರ್ಡಿನ ಕ್ರಿಸ್ಟೋಫರ್ ಲ್ಯಾಂಡ್ರಿಗನ್ ತಂಡ ತೀವ್ರ ನಿಗಾ ಘಟಕಗಳಲ್ಲಿ ಹೊಸ ವೈದ್ಯರನ್ನು ಗಮನಿಸಿತು. ಹಳೆಯ ಉದ್ದನೆಯ ಡ್ಯೂಟಿಯಲ್ಲಿದ್ದಾಗ ಗಂಭೀರ ತಪ್ಪುಗಳು ಶೇ 36ರಷ್ಟು ಹೆಚ್ಚು ಕಂಡವು. ಮರುವರ್ಷದ ಇನ್ನೊಂದು ಅಧ್ಯಯನದ ಪ್ರಕಾರ, ಉದ್ದನೆಯ ಡ್ಯೂಟಿ ಮುಗಿಸಿ ಮನೆಗೆ ಹೊರಟ ಹೊಸ ವೈದ್ಯರಿಗೆ ರಸ್ತೆ ಅಪಘಾತದ ಸಂಭವ ಎರಡು ಪಟ್ಟಿಗಿಂತ ಹೆಚ್ಚು.

ಆದರೆ ಗಂಟೆ ಕಡಿತ ಮಾಡಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ ಅಮೆರಿಕದ ನೂರಕ್ಕೂ ಹೆಚ್ಚು ಶಸ್ತ್ರಚಿಕಿತ್ಸಾ ತರಬೇತಿ ಕೇಂದ್ರಗಳನ್ನು ಹೋಲಿಸಲಾಯಿತು. ವಾರದ 80 ಗಂಟೆಯ ಮಿತಿಯೊಳಗೆ, ಒಂದೊಂದು ಪಾಳಿಯ ಉದ್ದವನ್ನು ಬಿಗಿ ಮಾಡಿದರೂ ಸಡಿಲ ಬಿಟ್ಟರೂ ರೋಗಿಗಳ ಸಾವು-ನೋವಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಪಾಳಿ ಚಿಕ್ಕದಾದಷ್ಟೂ ಒಬ್ಬರಿಂದ ಒಬ್ಬರಿಗೆ ರೋಗಿಯನ್ನು ವಹಿಸಿಕೊಡುವ ಸರದಿ ಹೆಚ್ಚುತ್ತದೆ. ನಮ್ಮ ವಾರ್ಡುಗಳಲ್ಲಿ ಇದನ್ನು 'ಓವರ್ ಕೊಡುವುದು' ಎನ್ನುತ್ತಾರೆ. ಅವಸರದಲ್ಲಿ ಕೊಟ್ಟ ಓವರ್‌ನಲ್ಲಿ ಒಂದು ಮಾತು ತಪ್ಪಿದರೂ ರೋಗಿಗೆ ಕುತ್ತು. ಅದಕ್ಕೂ ಮದ್ದಿದೆ. ಓವರ್ ಹೇಗೆ ಕೊಡಬೇಕು ಎಂಬುದನ್ನು ಕ್ರಮಬದ್ಧವಾಗಿ ಕಲಿಸಿದಾಗ ಒಂಬತ್ತು ಮಕ್ಕಳ ಚಿಕಿತ್ಸಾ ಕೇಂದ್ರಗಳಲ್ಲಿ ತಪ್ಪುಗಳು ಶೇ 23ರಷ್ಟು ಇಳಿದವು ಎಂದು 2014ರ ಅಧ್ಯಯನ ತೋರಿಸಿತು. ಬ್ರಿಟನ್ನಿನಲ್ಲಿ 48 ಗಂಟೆಯ ನಿಯಮವಿದ್ದೂ ತರಬೇತಿ ವೈದ್ಯರಲ್ಲಿ ಸುಮಾರು ಐವರಿಗೆ ಒಬ್ಬರು ತೀವ್ರ ಬರ್ನ್‌ಔಟ್ ಅಪಾಯದಲ್ಲಿದ್ದಾರೆಂದು ಅಲ್ಲಿನ ವೈದ್ಯಕೀಯ ಮಂಡಳಿಯ ಸಮೀಕ್ಷೆಗಳು ಹೇಳುತ್ತಿವೆ. ಪಾಳಿಯಲ್ಲಿ ಇರಬೇಕಾದಷ್ಟು ಜನ ಇಲ್ಲದಿದ್ದರೆ, ಗೌರವವಿಲ್ಲದಿದ್ದರೆ, 48 ಗಂಟೆಯೂ ಹೆಚ್ಚೇ. ಆದರೆ ಈ ಚರ್ಚೆ ಮಾಡುವ ಹಕ್ಕು 80 ಗಂಟೆಯನ್ನಾದರೂ ಪಾಲಿಸುವವರದು. ನಾವಿನ್ನೂ ಅಲ್ಲಿಗೆ ಮುಟ್ಟಿಲ್ಲ.

ಭಾರತದಲ್ಲಿ ನಿಯಮ ಇಲ್ಲವೇ? ಇದೆ, ಅದೂ ಅಮೆರಿಕದ ರಾಷ್ಟ್ರವ್ಯಾಪಿ ಮಿತಿಗಿಂತ ಹನ್ನೊಂದು ವರ್ಷ ಮೊದಲಿನದು. ಸುಪ್ರೀಂ ಕೋರ್ಟ್ ಆದೇಶದ ಬೆನ್ನಿಗೆ ಕೇಂದ್ರ ಆರೋಗ್ಯ ಸಚಿವಾಲಯ 1992ರ ಜೂನ್‌ನಲ್ಲಿ ರೆಸಿಡೆನ್ಸಿ ಯೋಜನೆಯ ನಿರ್ದೇಶನ ಹೊರಡಿಸಿತು. ಕಿರಿಯ ರೆಸಿಡೆಂಟರು ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಬಾರಿಗೆ 12 ಗಂಟೆ ಮೀರದಂತೆ ದುಡಿಯಬೇಕು, ವಾರಕ್ಕೊಂದು ರಜೆ ಎಂದು ಅದರಲ್ಲಿದೆ. ಅದರ ಜೊತೆಗೇ, ಗಂಟೆಗಳನ್ನು ಆಸ್ಪತ್ರೆಯ ಮುಖ್ಯಸ್ಥರು ಅಗತ್ಯಕ್ಕೆ ತಕ್ಕಂತೆ ಹೊಂದಿಸಬಹುದು ಎಂಬ ವಿನಾಯಿತಿಯೂ ಇದೆ. ಮೂರು ದಶಕ ಆ ವಿನಾಯಿತಿಯೇ ನಿಯಮವಾಗಿ ನಡೆಯಿತು. 2023ರ ಕೊನೆಯಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ಸ್ನಾತಕೋತ್ತರ ನಿಯಮಾವಳಿ ತಂದಿತು. ವರ್ಷಕ್ಕೆ 20 ದಿನ ಸಾಂದರ್ಭಿಕ ರಜೆ, ವಾರದ ಒಂದು ರಜೆ ಅದರಲ್ಲಿವೆ. ಗಂಟೆಗಳ ಬಗ್ಗೆ ಮಾತ್ರ 'ಸಮಂಜಸವಾದ' ಅವಧಿ ಎಂದಷ್ಟೇ ಇದೆ. ಯಾರಿಗೆ ಸಮಂಜಸ ಎಂಬುದನ್ನು ಪಟ್ಟಿ ಬರೆಯುವವರೇ ತೀರ್ಮಾನಿಸುತ್ತಾರೆ.

2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ 31 ವರ್ಷದ ಪಿಜಿ ವೈದ್ಯೆಯ ಮೇಲೆ ಅತ್ಯಾಚಾರವೆಸಗಿ ಕೊಲೆ ಮಾಡಲಾಯಿತು. ದೀರ್ಘ ಡ್ಯೂಟಿಯ ನಡುವೆ ಅವರು ಒಂದಿಷ್ಟು ಮಲಗಲು ಹೋಗಿದ್ದು ಸೆಮಿನಾರ್ ಹಾಲಿಗೆ. ದೇಶ ಬೀದಿಗಿಳಿದದ್ದು ಭದ್ರತೆಗಾಗಿ, ಅದು ನ್ಯಾಯವೇ. ಆದರೆ ಒಬ್ಬ ವೈದ್ಯೆಗೆ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಲು ಒಂದು ಕೋಣೆ, ಪಕ್ಕದಲ್ಲೊಂದು ಶೌಚಾಲಯ ಇರಬೇಕು ಎಂಬುದು ಅಷ್ಟೇ ದೊಡ್ಡ ಪ್ರಶ್ನೆ. ಎರಡು ಮಂಚದ ಡ್ಯೂಟಿ ರೂಮನ್ನು ಐದು ಜನ ಹಂಚಿಕೊಳ್ಳುವುದು ನಮ್ಮಲ್ಲಿ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಪ್ರಕರಣವನ್ನು ತಾನಾಗಿ ಕೈಗೆತ್ತಿಕೊಂಡ ಸುಪ್ರೀಂ ಕೋರ್ಟಿನಲ್ಲಿ ಅಂದಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರು 36 ಗಂಟೆಗಳ ಡ್ಯೂಟಿಯನ್ನು ಅಮಾನವೀಯ ಎಂದು ಕರೆದರು.

ಅದೇ ತಿಂಗಳು, ವೈದ್ಯಕೀಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ವೈದ್ಯಕೀಯ ಆಯೋಗದ ಕಾರ್ಯಪಡೆಯ ವರದಿಯೂ ಹೊರಬಂತು. ನಮ್ಮ ನಿಮ್ಹಾನ್ಸ್‌ನ ಮನೋವೈದ್ಯ ಡಾ. ಸುರೇಶ್ ಬಡಾ ಮಠ ಅದರ ಅಧ್ಯಕ್ಷರು. 25,590 ಎಂಬಿಬಿಎಸ್ ವಿದ್ಯಾರ್ಥಿಗಳು, 5,337 ಪಿಜಿಗಳು ಆನ್‌ಲೈನ್ ಸಮೀಕ್ಷೆಗೆ ಉತ್ತರಿಸಿದ್ದರು. ಪಿಜಿಗಳಲ್ಲಿ ಶೇ 31ರಷ್ಟು ಜನ ಸಾಯುವ ಯೋಚನೆ ಬಂದಿತ್ತೆಂದು ಹೇಳಿದರು. ಶೇ 45ರಷ್ಟು ಪಿಜಿಗಳ ದುಡಿತ ವಾರಕ್ಕೆ 60 ಗಂಟೆ ದಾಟುತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನರಿಗೆ ವಾರದ ರಜೆ ಸಿಗುತ್ತಿರಲಿಲ್ಲ. ತಾವಾಗಿ ಉತ್ತರಿಸಿದವರ ಲೆಕ್ಕವಿದು, ಎಲ್ಲರ ಮಾತಲ್ಲ ಎಂದು ಯಾರಾದರೂ ಹೇಳಬಹುದು. ಹಾಗಾದರೆ ಮಾಹಿತಿ ಹಕ್ಕಿನಡಿ ಆಯೋಗವೇ ಕೊಟ್ಟ ಇನ್ನೊಂದು ಲೆಕ್ಕ ಇದೆ. ಐದು ವರ್ಷಗಳಲ್ಲಿ 64 ಎಂಬಿಬಿಎಸ್ ಮತ್ತು 55 ಪಿಜಿ ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದರು. ಓದು ಬಿಟ್ಟು ಹೋದ 1,166 ಜನರಲ್ಲಿ 1,006 ಮಂದಿ ಪಿಜಿಗಳು. ಹಗಲು ರಾತ್ರಿ ಓದಿ ಗಿಟ್ಟಿಸಿದ ಸೀಟನ್ನು ಸಾವಿರ ಜನ ಸುಮ್ಮನೆ ಬಿಡುವುದಿಲ್ಲ. ಕಾರ್ಯಪಡೆ ಸೂಚಿಸಿದ ದಾರಿ ಹೀಗಿದೆ: ವಾರಕ್ಕೆ ಒಂದು 24 ಗಂಟೆಯ ಡ್ಯೂಟಿ, ಉಳಿದ ಐದು ದಿನ ಹತ್ತು ಗಂಟೆ, ಒಂದು ದಿನ ರಜೆ. ಒಟ್ಟು 74 ಗಂಟೆ. ಇದು 1992ರ ಮಾತಿಗಿಂತ 26 ಗಂಟೆ ಹೆಚ್ಚು, ಆದರೂ ಬಹಳಷ್ಟು ವಾರ್ಡುಗಳಲ್ಲಿ ಈಗಿರುವುದಕ್ಕಿಂತ ಎಷ್ಟೋ ವಾಸಿ.

ಇಷ್ಟಾದರೂ ಪಿಜಿಗಳು ಯಾಕೆ ಬಾಯಿ ಬಿಡುವುದಿಲ್ಲ? ಅವರು ನೌಕರರೂ ಹೌದು, ವಿದ್ಯಾರ್ಥಿಗಳೂ ಹೌದು. ದುಡಿಸಿಕೊಳ್ಳುವಾಗ ನೌಕರರು, ಹಕ್ಕು ಕೇಳಿದಾಗ ವಿದ್ಯಾರ್ಥಿಗಳು. ಡ್ಯೂಟಿ ಹಾಕುವವರ ಕೈಯಲ್ಲೇ ಥೀಸಿಸ್‌ನ ಸಹಿ, ಲಾಗ್ ಬುಕ್, ಅಂತಿಮ ಪರೀಕ್ಷೆ, ನಾಳಿನ ಶಿಫಾರಸು ಪತ್ರ. ದೂರು ಕೊಟ್ಟವರ ಹೆಸರು ವಿಭಾಗದಲ್ಲಿ ಸಂಜೆಯೊಳಗೆ ಗೊತ್ತಾಗುತ್ತದೆ. ಬಿಟ್ಟು ಹೋಗೋಣವೆಂದರೆ ಸೀಟು ಬಿಡುವ ಬಾಂಡ್, ಲಕ್ಷಗಟ್ಟಲೆ ದಂಡ. ಈ ಬಾಂಡ್ ಕೈಬಿಡಿ ಎಂದು 2024ರ ಜನವರಿಯಲ್ಲಿ ಆಯೋಗವೇ ರಾಜ್ಯಗಳಿಗೆ ಪತ್ರ ಬರೆದಿದೆ. ಸಂಬಳದ ಮಾತು ಕೇಳುವುದೇ ಬೇಡ. ನಮ್ಮ ರಾಜ್ಯದ ಸರ್ಕಾರಿ ಕಾಲೇಜುಗಳ ರೆಸಿಡೆಂಟರು ಶಿಷ್ಯವೇತನ ಹೆಚ್ಚಿಸಿ ಎಂದು 2024ರ ಆಗಸ್ಟ್‌ನಲ್ಲಿ ಮುಷ್ಕರಕ್ಕೇ ಇಳಿಯಬೇಕಾಯಿತು.

ಇದಕ್ಕೆ ಕಾಲೇಜುಗಳು ಈಚೆಗೆ ಕಂಡುಕೊಂಡ ಉತ್ತರ ಯೋಗ ಶಿಬಿರ, ಒತ್ತಡ ನಿರ್ವಹಣೆಯ ಉಪನ್ಯಾಸ. ಯೋಗದ ಮೇಲೆ ನನಗೆ ಗೌರವವಿದೆ. ಆದರೆ 36 ಗಂಟೆ ದುಡಿದವರನ್ನು ಒಂದು ತಾಸು ಹೆಚ್ಚು ಕೂರಿಸಿ 'ಮನಸ್ಸು ಗಟ್ಟಿ ಮಾಡಿಕೊಳ್ಳಿ' ಎನ್ನುವುದು ಅನ್ಯಾಯ. ಮನಸ್ಸಿನ ದೌರ್ಬಲ್ಯದ ವಾದವನ್ನು ಮಿಷಿಗನ್ನಿನ ಶ್ರೀಜನ್ ಸೇನ್ ತಂಡದ 2010ರ ಅಧ್ಯಯನ ಮುರಿದು ಹಾಕಿದೆ. ಹೊಸ ವೈದ್ಯರನ್ನು ಅವರು ಕೆಲಸಕ್ಕೆ ಸೇರುವ ಮುನ್ನವೇ ಪರೀಕ್ಷಿಸಿದರು. ಆಗ ಖಿನ್ನತೆಯ ಲಕ್ಷಣ ಇದ್ದವರು ಶೇ 4ರಷ್ಟು. ಸೇರಿದ ವರ್ಷದೊಳಗೆ ಅದು ಸರಾಸರಿ ಶೇ 25 ದಾಟಿತು. ಅದೇ ಜನ, ಅದೇ ಮನಸ್ಸು. ಬದಲಾದದ್ದು ಕೆಲಸ.

ಹಾಗಾಗಿ ನಾನು ಇದನ್ನು ನೇಮಕಾತಿಯ ಸಮಸ್ಯೆ ಎಂದೇ ನೋಡುತ್ತೇನೆ. ಖಾಲಿ ಬಿದ್ದ ಹುದ್ದೆಗಳ ಕೆಲಸವೆಲ್ಲ ಹುಡುಗ ಹುಡುಗಿಯರ ನಿದ್ದೆಯಲ್ಲಿ ತೀರುತ್ತಿದೆ. ಮೊದಲು ಆಗಬೇಕಾದದ್ದು ತೀರಾ ಸಾಮಾನ್ಯ ಸಂಗತಿಗಳು. ರಕ್ತ ತೆಗೆಯಲು ರಾತ್ರಿ ಪಾಳಿಯ ಲ್ಯಾಬ್ ಟೆಕ್ನಿಷಿಯನ್, ಸ್ಯಾಂಪಲ್ ಒಯ್ಯಲು, ಟ್ರಾಲಿ ತಳ್ಳಲು ವಾರ್ಡಿಗೊಬ್ಬ ಸಹಾಯಕ, ಯೋಜನೆಗಳ ಕಾಗದಕ್ಕೆ ಡೇಟಾ ಎಂಟ್ರಿಯವರು. ಇವರನ್ನು ನೇಮಿಸಲು ಎಂಡಿ ಸೀಟು ಬೇಕಿಲ್ಲ, ಹೊಸ ಕಾಲೇಜೂ ಬೇಕಿಲ್ಲ. ಓಪಿಡಿ ದಿನದ ಮರುದಿನ ಮಧ್ಯಾಹ್ನದೊಳಗೆ ಓವರ್ ಕೊಟ್ಟು ಹೋಗುವುದು ಪಟ್ಟಿಯಲ್ಲೇ ಬರೆದಿರಬೇಕು. ಆ ಪಟ್ಟಿ, ನಿಜವಾಗಿ ದುಡಿದ ಗಂಟೆಗಳ ಸಮೇತ, ಕಾಲೇಜಿನ ಸೂಚನಾ ಫಲಕದಲ್ಲೂ ಜಾಲತಾಣದಲ್ಲೂ ಇರಬೇಕು. ಕಾಲೇಜಿನ ತಪಾಸಣೆಗೆ ಬರುವವರು ಅಧ್ಯಾಪಕರ ತಲೆ ಎಣಿಸುತ್ತಾರೆ, ಹಾಸಿಗೆ ಎಣಿಸುತ್ತಾರೆ. ಈ ಗಂಟೆಗಳನ್ನೂ ಎಣಿಸಲಿ. ಮಿತಿ ಮೀರಿದ ವಿಭಾಗಕ್ಕೆ ಮುಂದಿನ ವರ್ಷ ಸೀಟು ಕಡಿಮೆಯಾಗುತ್ತದೆ ಎಂದಾದರೆ 1992ರ ಆದೇಶಕ್ಕೆ ಜೀವ ಬರಲು ಹೆಚ್ಚು ದಿನ ಬೇಕಾಗುವುದಿಲ್ಲ.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದ ಒಂದು ಕೆಲಸ ಇದೆ. ಪಿಜಿ ಓದುತ್ತಿರುವ ಮಗಳೋ ಮಗನೋ ಫೋನಿನಲ್ಲಿ 'ಅಮ್ಮಾ, ನನ್ನ ಕೈಲಾಗ್ತಿಲ್ಲ' ಎಂದರೆ, 'ಇನ್ನೊಂದು ವರ್ಷ ಹೇಗೋ ಅಡ್ಜಸ್ಟ್ ಮಾಡ್ಕೋ' ಎಂದು ಮಾತು ಮುಗಿಸಬೇಡಿ. ಬಸ್ಸು ಹತ್ತಿ ಹೋಗಿ ನೋಡಿ. ಬೇಕೆನಿಸಿದರೆ ರಜೆ ಹಾಕಿಸಿ ಕರೆತನ್ನಿ, ಮನೋವೈದ್ಯರಿಗೆ ತೋರಿಸಿ. ಸೀಟಿಗಾಗಿ ಖರ್ಚಾದ ಹಣದ ಮಾತು ಆ ಹೊತ್ತಿಗೆ ಬೇಡ. ಹೇಳಿಕೊಳ್ಳಲು ಯಾರೂ ಇಲ್ಲ ಎನಿಸುವ ವೈದ್ಯರಿಗೂ, ಅವರ ಮನೆಯವರಿಗೂ ಟೆಲಿ-ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416. ಕರೆ ಉಚಿತ, ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು.